ಐಸ್ ಪ್ಲಾಂಟಿನ ಪುಸ್ತಕ

ಅವಳು ಬಂದದ್ದು ಬೋಟು ರಜೆಯ ತಿಂಗಳಲ್ಲಿ, ಒಂದು ಬುಧವಾರ.
ಮಲ್ಪೆಯ ಧಕ್ಕೆಯಲ್ಲಿ ಬಲೆ ಹೊಲಿಯುವ ಗಂಡಸರು ಬಿಟ್ಟರೆ ಯಾರಿಲ್ಲ.
ಸಮಿತಿಯ ಮೇಡಂ ಒಂದು ಕೈಯಲ್ಲಿ ಮಗುವನ್ನೂ
ಇನ್ನೊಂದರಲ್ಲಿ ಜವಳಿ ಅಂಗಡಿಯ ಚೀಲವನ್ನೂ ಹಿಡಿದಿದ್ದರು.
ಚೀಲದಲ್ಲಿ ಎರಡು ಫ್ರಾಕು, ಒಂದು ಬಾಚಣಿಗೆ,
ನಾಲ್ಕಾಗಿ ಮಡಚಿದ ಚೀಟಿ:
ಹುಲಿಗೆಮ್ಮ. ವಯಸ್ಸು ಸುಮಾರು ಆರು. ಆರೋಗ್ಯ ಸಾಧಾರಣ.

ಸುಮಾರು ಎಂದರೆ ಎಷ್ಟು, ಕೇಳಿದೆ.
ಹಲ್ಲು ನೋಡಿ ಹೇಳಿದ್ದು, ಎಂದರು.

ಇಪ್ಪತ್ತೆರಡು ವರ್ಷ ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆದವಳು ನಾನು.
ಯಾವ ಬೋಟಿಗೆ ಎಷ್ಟು ಗಡ್ಡೆ ಹೋಯಿತು, ಎಷ್ಟು ಕರಗಿತು.
ಕರಗಿದ್ದಕ್ಕೂ ಒಂದು ಕಾಲಂ ಇತ್ತು ನಮ್ಮಲ್ಲಿ.
ಒಮ್ಮೆ ಒಂದು ಬೋಟು ತಿರುಗಿ ಬರಲಿಲ್ಲ;
ಅದರ ಹೆಸರಿನ ಮುಂದೆ ಎಪ್ಪತ್ತು ಗಡ್ಡೆಯ ಬಾಕಿ
ಇವತ್ತೂ ಉಂಟು, ನಾನು ಹೊಡೆದುಹಾಕಲಿಲ್ಲ.
ಹಾಗಾಗಿ ಸಾಧಾರಣ ಎಂಬ ಶಬ್ದ
ಗಂಟಲಲ್ಲಿ ಬೂತಾಯಿಯ ಮುಳ್ಳು ನನಗೆ.
ಕಪಾಟಿನಲ್ಲಿ ಬರೆಯದೆ ಉಳಿದ ಉದ್ದ ಪುಸ್ತಕ ಒಂದಿತ್ತು, ತೆಗೆದೆ.
ಬೋಟಿನ ಹೆಸರು ಎಂದಿದ್ದಲ್ಲಿ ಹುಲಿಗೆಮ್ಮ ಎಂದು ಬರೆದೆ.

ಅಜ್ಜರಕಾಡಿನ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು:
ತಾಯಿಗೆ ಸಕ್ಕರೆ ಕಾಯಿಲೆ ಉಂಟಾ? ಫಿಟ್ಸ್? ದಮ್ಮು?
ಹುಟ್ಟುವಾಗ ತೂಕ? ಯಾವ ಮದ್ದು ಆಗುವುದಿಲ್ಲ?
ಗೊತ್ತಿಲ್ಲ ಎಂದಾಗಲೆಲ್ಲ ಮಗು ನನ್ನ ಮುಖ ನೋಡುತ್ತಿತ್ತು,
ಕ್ಲಾಸಿನಲ್ಲಿ ಪಕ್ಕದವಳು ಪೆಟ್ಟು ತಿನ್ನುವುದನ್ನು ನೋಡುವ ಹಾಗೆ.

ಆಮೇಲೆ ಅವರು ತೋಳು ಸರಿಸಿದರು.
ಎಡ ಭುಜದ ಕೆಳಗೆ ಉದ್ದಿನಕಾಳಿನಷ್ಟು ಕಲೆ.
ಬಿಸಿಜಿ ಆಗಿದೆ ಎಂದರು, ಬರೆದುಕೊಂಡರು, ಮುಗಿಯಿತು.
ನನಗೆ ಮುಗಿಯಲಿಲ್ಲ.
ಬಸ್ಸಿನಲ್ಲಿ ಇಡೀ ದಾರಿ ಆ ಕಲೆಯನ್ನೇ ನೋಡಿದೆ.
ಮಾತು ಕೇಳಿದರೆ ಕೊಪ್ಪಳದ ಕಡೆಯದು. ಅಲ್ಲೆಲ್ಲೋ ಒಂದು ಬೆಳಿಗ್ಗೆ
ಯಾರೋ ಒಬ್ಬಳು ಇವಳನ್ನು ಸೆರಗಿನಲ್ಲಿ ಸುತ್ತಿಕೊಂಡು
ಸಾಲಿನಲ್ಲಿ ನಿಂತಿದ್ದಳು. ಕೂಲಿ ಬಿಟ್ಟು ನಿಂತಿದ್ದಳು.
ಕಾರ್ಡು ಕಳೆದಿರಬಹುದು.
ನಿಂತದ್ದು ಕಳೆದಿಲ್ಲ.

ಜುಲೈ ಒಂಬತ್ತು. ರಾತ್ರಿ ಜ್ವರ ನೂರಾ ಎರಡು.
ಮೈ ಸುಡಾಕತ್ತೈತಿ ಅಂದಳು, ಹಾಗೆಯೇ ಬರೆದೆ.
ಜುಲೈ ಹತ್ತು. ಗುಲಾಬಿ ಸಿರಪ್ಪು, ಅಮಾಕ್ಸಿಸಿಲಿನ್;
ಅರ್ಧ ಗಂಟೆಗೆ ಮೈಯೆಲ್ಲ ದದ್ದು, ಡಾಕ್ಟರು ನಿಲ್ಲಿಸಿದರು.
ಇದು ಕೆಂಪು ಪೆನ್ನಿನಲ್ಲಿ, ಕೆಳಗೆ ಎರಡು ಗೆರೆ.
ಆಗಸ್ಟ್. ಜಂತುವಿನ ಮಾತ್ರೆ, ಬೆಲ್ಲದ ಚೂರಿನೊಟ್ಟಿಗೆ.
ಮೊದಲ ಸಲ ಬಂಗುಡೆ ತಿಂದಳು, ಏನೂ ಆಗಲಿಲ್ಲ.
ಸೆಪ್ಟೆಂಬರ್. ಕೆಳಗಿನ ಮುಂದಿನ ಹಲ್ಲು ಬಿತ್ತು,
ಹೆಂಚಿನ ಮೇಲೆ ಎಸೆದೆವು.
ಹೊರಹೋದದ್ದು: ಹಲ್ಲು ಒಂದು.
ಒಳಬಂದದ್ದು: ಎರಡೂವರೆ ಕಿಲೋ.

ಕರಗಿದ್ದು ಎಂಬ ಕಾಲಂ ಬಹಳ ದಿನ ಖಾಲಿ ಇತ್ತು.
ಒಂದು ಸಂಜೆ ಕಾಲು ತೊಳೆಯುವಾಗ ಅವಳು,
ನಮ್ಮವ್ವನ ಬಳಿ ಯಾವ ಬಣ್ಣದವು, ನೆನಪಾಗವಲ್ದು, ಅಂದಳು.
ಅದನ್ನು ಅಲ್ಲಿ ಬರೆದೆ.

ಈಗ ಕುಷ್ಟಗಿಯಲ್ಲಿ ದೊಡ್ಡಮ್ಮ ಸಿಕ್ಕಿದ್ದಾಳೆ.
ನಾಳೆ ಹತ್ತಕ್ಕೆ ಜೀಪು.
ಒಂದು ಪುಟದ ಫಾರ್ಮು ಸಾಕು, ಎಂದರು ಮೇಡಂ.
ಫಾರ್ಮಿನಲ್ಲಿ ದದ್ದಿಗೆ ಜಾಗ ಉಂಟು, ಬಳೆಗೆ ಇಲ್ಲ.
ಜೆರಾಕ್ಸ್ ಅಂಗಡಿಯ ಹುಡುಗ ನಲವತ್ತೊಂದು ಪುಟ ಎಣಿಸಿ,
ಎಂತ ಸುಗಂಧಿಯಕ್ಕ, ಪ್ಲಾಂಟು ಬಿಟ್ಟ ಮೇಲೂ ಐಸಿನ ಲೆಕ್ಕವಾ, ಎಂದ.
ಹೌದು ಮಾರಾಯ, ಎಂದೆ. ಚಿಲ್ಲರೆ ವಾಪಸ್ ತಗೊಳ್ಳಲು ಮರೆತೆ.
ಜೆರಾಕ್ಸ್ ನನಗೆ, ಪುಸ್ತಕ ಅವಳಿಗೆ.

ಕೊನೆಯ ಪುಟದಲ್ಲಿ, ಮುಂದೆ ಓದುವವರಿಗೆ:
ಸೂಜಿಗೆ ಹೆದರುವುದಿಲ್ಲ ಎನ್ನುತ್ತಾಳೆ, ನಂಬಬೇಡಿ.
ಒಂದರಿಂದ ಎಣಿಸಲು ಹೇಳಿ.
ಹದಿನಾರರ ನಂತರ ತಡವರಿಸುತ್ತಾಳೆ, ಮಾಡು ನೋಡುತ್ತಾಳೆ.
ಆಗ ಚುಚ್ಚಿ.
ಹದಿನೇಳು ನೀವು ಹೇಳಿಕೊಡಿ.